ತವರುಗಂಟಿನ ರಾಚಮ್ಮ

ರಾಚಮ್ಮನವರನ್ನು ನಾನು ಮೊದಲು ಕಂಡದ್ದು ೧೯೯೨ರ ಆಗಸ್ಟ್ ಹದಿನಾಲ್ಕರ ಮಧ್ಯಾಹ್ನ. ತೊರೆಕೊಪ್ಪಲಿನ ಸರ್ಕಾರಿ ಪ್ರೌಢಶಾಲೆಗೆ ಕನ್ನಡ ಅಧ್ಯಾಪಕನಾಗಿ ವರ್ಗವಾಗಿ ಬಂದದ್ದು ಅದೇ ದಿನ. ನಂಜನಗೂಡಿನಿಂದ ನರಸೀಪುರದ ಕಡೆಗೆ ಹೋಗುವ ಬಸ್ಸು ನನ್ನನ್ನು ಊರ ಮುಂದೆ ಇಳಿಸಿ ಹೊರಟುಹೋಯಿತು. ಕೈಯಲ್ಲಿ ಟ್ರಂಕು, ಕಂಕುಳಲ್ಲಿ ಹಾಸಿಗೆ ಸುರುಳಿ. ಶಾಲೆಯ ಅಂಗಳಕ್ಕೆ ಬರುವ ಹೊತ್ತಿಗೆ ಗಂಟಲು ಒಣಗಿತ್ತು.

ಅಂಗಳದ ಮೂಲೆಯಲ್ಲಿ ಒಂದು ಸೇದುವ ಬಾವಿ. ಮೂವತ್ತೈದರ ಆಸುಪಾಸಿನ ಹೆಂಗಸೊಬ್ಬರು ಸೆರಗನ್ನು ಸೊಂಟಕ್ಕೆ ಬಿಗಿದು ನೀರು ಸೇದುತ್ತಿದ್ದರು. ನನ್ನನ್ನು ಕಂಡವರೇ ಯಾರು, ಎತ್ತ ಎಂದು ಕೇಳದೆ ಕೊಡದಿಂದ ಬೊಗಸೆಗೆ ನೀರು ಬಿಟ್ಟರು. ಕುಡಿದು ಸುಧಾರಿಸಿಕೊಂಡ ಮೇಲೆ ಒಂದು ಸಂಗತಿ ನನ್ನ ಗಮನಕ್ಕೆ ಬಂತು. ಅಷ್ಟು ಹಳೆಯ ಕಬ್ಬಿಣದ ರಾಟೆ, ಆದರೆ ಒಂದಿಷ್ಟೂ ಕಿರುಗುಟ್ಟುತ್ತಿರಲಿಲ್ಲ.

"ರಾಟೆ ಸದ್ದೇ ಮಾಡೋದಿಲ್ಲವಲ್ಲಮ್ಮ" ಎಂದೆ.

"ಸದ್ದು ಮಾಡೋ ರಾಟೆ ಅಗ್ಗ ತಿಂತದೆ ಸಾ" ಎಂದರು.

ಅಗ್ಗ ಎಂದರೆ ಕಡಿಮೆ ಬೆಲೆ. ಅದನ್ನು ರಾಟೆ ಹೇಗೆ ತಿಂದೀತು ಎಂದು ಒಂದು ಗಳಿಗೆ ಯೋಚಿಸಿದೆ. ಆಮೇಲೆ ತಿಳಿಯಿತು, ಅವರು ಹೇಳಿದ್ದು ಹಗ್ಗವನ್ನು. ನಮ್ಮ ಸೀಮೆಯಲ್ಲಿ ಹಕಾರ ನಾಲಿಗೆಯ ಮೇಲೆ ನಿಲ್ಲುವುದಿಲ್ಲವೆಂಬುದು ನನಗೆ ಹೊಸದೇನಲ್ಲ. ಬಾಯಾರಿಕೆಯಲ್ಲಿ ವ್ಯಾಕರಣ ಮರೆತಿತ್ತು, ಅಷ್ಟೆ.

ಅವರು ಶಾಲೆಯ ಅರೆಕಾಲಿಕ ನೌಕರರು. ಹಾಜರಿ ಪುಸ್ತಕದ ಕೊನೆಯ ಸಾಲಿನಲ್ಲಿ 'ರಾಚಮ್ಮ, ನೀರು ಸೇದುವವರು' ಎಂದಿತ್ತು. ಬೆಳಿಗ್ಗೆ ಬಂದು ಮಕ್ಕಳಿಗೂ ಮೇಷ್ಟ್ರುಗಳಿಗೂ ಕುಡಿಯುವ ನೀರು ತುಂಬಿಸುವುದು, ಗಿಡಗಳಿಗೆ ನೀರು ಹಾಕುವುದು ಅವರ ಕೆಲಸ. ಅವರ ಗಂಡ ರಂಗನಾಯಕ ನರಸೀಪುರದ ಅಕ್ಕಿ ಗಿರಣಿಯೊಂದರಲ್ಲಿ ಮೂಟೆ ಹೊರುತ್ತಿದ್ದ.

ನಾನು ವರದಿ ಮಾಡಿಕೊಂಡು ಹೊರಗೆ ಬಂದಾಗ ಅಂಗಳದ ನಡುವೆ ಮಾರನೆಯ ದಿನದ ಧ್ವಜಾರೋಹಣಕ್ಕೆ ಸಿದ್ಧತೆ ನಡೆದಿತ್ತು. ಮುಖ್ಯೋಪಾಧ್ಯಾಯರಾದ ಗಂಗಾಧರಸ್ವಾಮಿಗಳು ಬಹಳ ಶಿಸ್ತಿನ ಮನುಷ್ಯರು. ಯಾವ ಕೆಲಸವೂ ಹಿಂದಿನ ದಿನವೇ ಮುಗಿದಿರಬೇಕು ಎಂಬುದು ಅವರ ನಿಯಮ. ಅದರಂತೆ ಡ್ರಿಲ್ ಮೇಷ್ಟ್ರು ಶಿವಸ್ವಾಮಿಗಳು ಧ್ವಜದೊಳಗೆ ಸೇವಂತಿಗೆ ಎಸಳುಗಳನ್ನಿಟ್ಟು, ಮಡಿಸಿ, ಹಗ್ಗ ಸುತ್ತಿ, ಗಂಟು ಹಾಕುತ್ತಿದ್ದರು. ಬೆಳಿಗ್ಗೆ ಮೇಲೇರಿಸಿಬಿಟ್ಟರೆ ಆಯಿತು. ಅತಿಥಿಗಳು ಕೆಳಗಿನಿಂದ ಹಗ್ಗ ಜಗ್ಗಿದಾಗ ಗಂಟು ಬಿಚ್ಚಿಕೊಂಡು ಧ್ವಜ ಅರಳಬೇಕು, ಹೂವು ಉದುರಬೇಕು.

ರಾಚಮ್ಮ ಕೊಡ ಇಳಿಸಿ ಅಲ್ಲಿಗೆ ಬಂದರು. "ಈವತ್ತೇ ಕಟ್‌ಬ್ಯಾಡಿ ಸಾ. ಮೋಡ ನೋಡಿ. ಜಡಿ ಇಡ್ಕಂಡ್ರೆ ಅಗ್ಗ ಶೀತ ಎಳ್ಕಂಡು ಊದ್ಕತದೆ, ಗಂಟು ಕಚ್ಕತದೆ."

"ಕೊಠಡೀಲಿ ಇಡ್ತೀವಲ್ಲಮ್ಮ."

"ಆ ಕೊಠಡಿ ಎಂಚು ಸೋರ್ತದಲ್ಲ ಸಾ."

ಶಿವಸ್ವಾಮಿಗಳು ನಕ್ಕರು. "ರಾಚಮ್ಮ, ನೀನು ನೀರು ಸೇದೋದು ನೋಡ್ಕೋ. ಧ್ವಜ ನನ್ ಡಿಪಾರ್ಟ್‌ಮೆಂಟು."

ಮಾರನೆಯ ಬೆಳಿಗ್ಗೆ ಸಣ್ಣಗೆ ಜಡಿಮಳೆ ಬಂದು ನಿಂತಿತ್ತು. ಮಕ್ಕಳು ಒದ್ದೆ ಅಂಗಳದಲ್ಲಿ ಸಾಲಾಗಿ ನಿಂತರು. ಶಾಲಾಭಿವೃದ್ಧಿ ಸಮಿತಿಯ ಅಧ್ಯಕ್ಷರು ಗರಿಗರಿಯಾದ ಬಿಳಿ ಪಂಚೆಯುಟ್ಟು ಬಂದು ಹಗ್ಗ ಜಗ್ಗಿದರು. ಗಂಟು ಅಲುಗಲಿಲ್ಲ. ಇನ್ನೊಮ್ಮೆ ಜಗ್ಗಿದರು. ಕೈ ಕೆಳಗಿಳಿದದ್ದನ್ನು ಕಂಡ ಹಾಡುವ ಹುಡುಗಿಯರು ಜನಗಣಮನ ಶುರುಮಾಡಿಯೇ ಬಿಟ್ಟರು. ಎಲ್ಲರೂ ನೆಟ್ಟಗೆ ನಿಂತೆವು. ಮೇಲೆ ಧ್ವಜ ಬುತ್ತಿಯ ಗಂಟಿನ ಹಾಗೆ ತೂಗಾಡುತ್ತಿದೆ, ಕೆಳಗೆ ರಾಷ್ಟ್ರಗೀತೆ ನಡೆಯುತ್ತಿದೆ, ಅಲುಗಾಡುವ ಹಾಗಿಲ್ಲ. ಗಂಗಾಧರಸ್ವಾಮಿಗಳ ಹಣೆಯಿಂದ ಬೆವರು ಇಳಿದು ಕನ್ನಡಕದ ಮೇಲೆ ಬಿತ್ತು. ಗೀತೆ ಮುಗಿದ ಕೂಡಲೇ ಅಧ್ಯಕ್ಷರು ಸಿಟ್ಟಿನಿಂದ ಮೈಬಲವನ್ನೆಲ್ಲ ಹಾಕಿ ಎಳೆದರು. ಹಗ್ಗ ಕಂಬದ ತುದಿಯ ರಾಟೆಯ ತೋಡಿನಿಂದ ಹಾರಿ, ಚಕ್ರಕ್ಕೂ ಪಕ್ಕದ ತಗಡಿಗೂ ನಡುವೆ ಸಿಕ್ಕಿಕೊಂಡಿತು. ಈಗ ಮೇಲಕ್ಕೂ ಇಲ್ಲ, ಕೆಳಕ್ಕೂ ಇಲ್ಲ.

"ಯಾರಾದರೂ ಹತ್ತಿ" ಎಂದರು ಅಧ್ಯಕ್ಷರು. ಇಪ್ಪತ್ತು ಅಡಿಯ ನುಣುಪಾದ ಪೈಪು, ಅದೂ ಒದ್ದೆ. ಯಾರು ಹತ್ತುತ್ತಾರೆ?

ರಾಚಮ್ಮ ಬಾವಿಕಟ್ಟೆಯಿಂದ ಇಳಿದು ಬಂದು, ಗಂಗಾಧರಸ್ವಾಮಿಗಳ ಮುಂದೆ ನಿಂತು, "ಒಂದ್ಕಿತ ನಾನು ಮುಟ್ಲಾ ಸಾ?" ಎಂದು ಕೇಳಿದರು. ಅವರು ತಲೆಯಾಡಿಸಿದರು.

ರಾಚಮ್ಮ ಎರಡೂ ಎಳೆಗಳನ್ನು ಕೈಗೆ ತೆಗೆದುಕೊಂಡು, ಕಂಬದಿಂದ ನಾಲ್ಕು ಹೆಜ್ಜೆ ಹಿಂದೆ ಸರಿದು, ಹಗ್ಗವನ್ನು ಪೂರ್ತಿ ಸಡಿಲ ಬಿಟ್ಟರು. ಆಮೇಲೆ ಮಣಿಕಟ್ಟನ್ನು ಒಮ್ಮೆ ಝಾಡಿಸಿದರು. ಹಗ್ಗದ ಮೇಲೆ ಒಂದು ಅಲೆ ಹುಟ್ಟಿ, ಹಾವಿನ ಹಾಗೆ ಓಡುತ್ತ ಮೇಲೇರಿ, ರಾಟೆಯ ಹತ್ತಿರ ಸತ್ತುಹೋಯಿತು. ಎರಡನೆಯ ಸಲ ಇನ್ನೂ ಜೋರಾಗಿ ಝಾಡಿಸಿದರು. ಅಲೆ ರಾಟೆಯನ್ನು ಮುಟ್ಟಿತು. ಹಗ್ಗ ಟಣ್ಣನೆ ಎದ್ದು ತೋಡಿನಲ್ಲಿ ಕೂತಿತು. ಬಾವಿಯ ರಾಟೆಯಿಂದ ಹಗ್ಗ ಜಾರಿದಾಗ ನೀರು ಸೇದುವ ಹೆಂಗಸರು ಮಾಡುವ ಕೆಲಸವೇ ಅದು. ನಾವೆಲ್ಲ ಹುಟ್ಟಿದಾಗಿನಿಂದ ಕಂಡದ್ದೇ. ಧ್ವಜದ ಕಂಬಕ್ಕೂ ಅದು ಸಲ್ಲುತ್ತದೆಂದು ಅಲ್ಲಿದ್ದ ನಾಲ್ಕುನೂರು ಜನರಲ್ಲಿ ಯಾರಿಗೂ ಹೊಳೆದಿರಲಿಲ್ಲ.

ಧ್ವಜವನ್ನು ಇಳಿಸಿ, ನೆಲಕ್ಕೆ ತಾಗದಂತೆ ಹೆಗಲ ಮೇಲೆ ಹಾಕಿಕೊಂಡು, ಕಚ್ಚಿಕೊಂಡಿದ್ದ ಗಂಟನ್ನು ಹಲ್ಲಿನಿಂದ ಬಿಡಿಸಿ, ಬೇರೆ ಬಗೆಯಲ್ಲಿ ಕಟ್ಟಿ ಮೇಲೇರಿಸಿದರು. "ಈಗ ಮೆತ್ತಗೆ ಎಳೀರಿ ಗೌಡ್ರೆ. ಅಸ ಕರೆಯೋ ಅಂಗೆ" ಎಂದರು. ಅಧ್ಯಕ್ಷರು ಎರಡು ಬೆರಳಿನಿಂದ ಎಳೆದರು. ಧ್ವಜ ಅರಳಿತು. ಒದ್ದೆ ಎಸಳುಗಳು ಒಂದೊಂದಾಗಿ ಉದುರದೆ ಒಂದೇ ಮುದ್ದೆಯಾಗಿ ಅಧ್ಯಕ್ಷರ ತಲೆಯ ಮೇಲೆ ಬಿದ್ದವು ಎಂಬುದೊಂದೇ ಕೊರತೆ.

ಅಂದು ಸಂಜೆ ಶಿವಸ್ವಾಮಿಗಳೇ ಹೋಗಿ ಆ ಗಂಟಿನ ಹೆಸರೇನೆಂದು ಕೇಳಿದರು. ಇದನ್ನು ನಾನು ಅವರ ಗುಣವೆಂದೇ ಎಣಿಸುತ್ತೇನೆ.

"ತವರುಗಂಟು ಸಾ."

"ಹಂಗಂದ್ರೆ?"

"ಗಂಟಲ್ಲಿ ಎಲ್ಡು ಜಾತಿ. ಎಳ್ದಷ್ಟೂ ಬಿಗ್ಯೋದು ಗಂಡನ್ಮನೆ ಗಂಟು. ಅದು ಕೊಡಕ್ಕೆ, ದನಕ್ಕೆ. ಇನ್ನೊಂದು, ಕರ್ಯೋವರ್ಗೂ ಅಲುಗಾಡ್ದೆ ಕೂತಿರ್ತದೆ, ಒಂದು ಎಳ್ತಕ್ಕೆ ಬಂದ್ಬುಡ್ತದೆ. ಅಬ್ಬಕ್ಕೆ ತವರಿಂದ ಕರೆಯಕ್ಕೆ ಬಂದ್ರೆ ಎಣ್ಮಗಳು ನಿಲ್ತಾಳಾ? ಅಂಗೆ. ನಿನ್ನೆ ನೀವು ಆಕಿದ್ದು ಗಂಡನ್ಮನೆ ಗಂಟು."

ಅವರನ್ನು ಕರೆದೊಯ್ಯಲು ಬಂದಿದ್ದ ರಂಗನಾಯಕ ಗೇಟಿನ ಬಳಿಯಿಂದಲೇ ಕೂಗಿ ಹೇಳಿದ: "ನಂಗೆ ಮಾತ್ರ ಆ ಬಿಗ್ಯೋ ಗಂಟನ್ನೇ ಆಕವ್ಳೆ ಸಾ! ಇಪ್ಪತ್ತೊರ್ಸ ಆಯ್ತು, ಬುಡಿಸ್ಕಳ್ಳಕ್ಕೆ ಆಗ್ನಿಲ್ಲ."

"ಬುಡಿಸ್ಕಂಡು ಎಲ್ಗೋದೀಯೆ? ಅಕ್ಕಿ ಮೂಟೆ ಉಣ್ಣಕ್ಕಿಕ್ತದಾ?" ಎಂದರು ರಾಚಮ್ಮ.

ಮುಂದಿನ ವರ್ಷ ಅವರು ಕಂಬವನ್ನೇ ಬದಲಾಯಿಸಿಬಿಟ್ಟರು. ಪೈಪನ್ನು ಸಿಮೆಂಟಿನಲ್ಲಿ ಹೂತರೆ ತುದಿಯ ರಾಟೆಗೆ ಎಣ್ಣೆ ಹಾಕುವವರು ಯಾರು ಎಂಬುದು ಅವರ ಪ್ರಶ್ನೆ. ಅವರ ತವರು ಬದನವಾಳಿನ ಪಕ್ಕದ ಒಂದು ಹಳ್ಳಿ. ಅಲ್ಲಿ ಅವರ ತಂದೆ ಏತದಿಂದ ನೀರೆತ್ತುತ್ತಿದ್ದರಂತೆ. ಎರಡು ಕಲ್ಲಿನ ನಡುವೆ ಗೂಟದ ಮೇಲೆ ಏತದ ಮರ ಹೇಗೆ ಏಳುತ್ತದೆ, ಹೇಗೆ ಬಾಗುತ್ತದೆ ಎಂಬುದನ್ನು ನೆನಪಿಟ್ಟುಕೊಂಡು ಗಂಗಾಧರಸ್ವಾಮಿಗಳ ಮೇಜಿನ ಮೇಲೆ ಮೂರು ಸೀಮೆಸುಣ್ಣದ ಕಡ್ಡಿಗಳಿಂದ ಮಾಡಿ ತೋರಿಸಿದರು. ನಾಲ್ಕಡಿ ಎತ್ತರದ ಎರಡು ಕಲ್ಲು ನೆಡುವುದು. ನಡುವೆ ಪೈಪು. ಕಲ್ಲಿಗೂ ಪೈಪಿಗೂ ಸೇರಿ ಮೇಲೊಂದು ತೂತು, ಕೆಳಗೊಂದು ತೂತು. ಎರಡಕ್ಕೂ ಬೋಲ್ಟು. ಕೆಳಗಿನ ಬೋಲ್ಟು ತೆಗೆದರೆ ಪೈಪು ಮೇಲಿನ ಬೋಲ್ಟಿನ ಮೇಲೆ ವಾಲಿ, ತುದಿ ಸೊಂಟದೆತ್ತರಕ್ಕೆ ಬಂದು ಮಲಗಬೇಕು. ಎಣ್ಣೆ ಹಾಕಿ, ಹಗ್ಗ ನೋಡಿ, ಮತ್ತೆ ಎತ್ತಿ ಬೋಲ್ಟು ಬಿಗಿದರಾಯಿತು.

"ಧ್ವಜಸ್ತಂಭವನ್ನು ಮಲಗಿಸುವುದೇ? ಅಪಶಕುನವಲ್ಲವೇ ರಾಚಮ್ಮ?" ಎಂದರು ಗಂಗಾಧರಸ್ವಾಮಿಗಳು. ಅವರು ದಿನವೂ ಲಿಂಗಪೂಜೆಯಾಗದೆ ನೀರು ಮುಟ್ಟದವರು.

"ಬಾವುಟ ಇಲ್ದಾಗ ಅದು ಬರೀ ಪೈಪು ಸಾ" ಎಂದರು ರಾಚಮ್ಮ.

ಕಂಬ ಎದ್ದಿತು. ರಾಟೆಯ ಚಕ್ರವನ್ನು ಊರಿನ ಬಡಗಿಯಿಂದ ಹುಣಸೆಯ ಚೇಗಿನಲ್ಲಿ, ಅಂದರೆ ಒಳಗಿನ ಗಟ್ಟಿ ಮರದಲ್ಲಿ, ಕಡೆಸಿದರು. ಎರಡು ಪಕ್ಕದ ತಗಡುಗಳು ಚಕ್ರಕ್ಕೆ ಎಷ್ಟು ಹತ್ತಿರವಿದ್ದವೆಂದರೆ ನಡುವೆ ಒಂದು ಕಾಗದ ತೂರಿಸಬಹುದು, ಹಗ್ಗ ತೂರುವಂತಿರಲಿಲ್ಲ. ಹಗ್ಗವನ್ನು ಅವರೇ ಹೊಸೆಯುತ್ತಿದ್ದರು. ಬದನವಾಳಿನ ಖಾದಿ ಕೇಂದ್ರದಲ್ಲಿ ತುಂಡಾಗಿ ಉಳಿದ ನೂಲನ್ನು ಕೇಳಿ ತಂದು, ಮೂರೆಳೆ ಮಾಡಿ ಹುರಿಗೊಳಿಸಿ, ಜೇನುಮೇಣ ಉಜ್ಜುತ್ತಿದ್ದರು. "ಅಗ್ಗದ ಅಗ್ಗ ತರ್ಬ್ಯಾಡಿ ಸಾ" ಎಂಬುದು ಅವರ ಮಾತು. ಈ ವಾಕ್ಯವನ್ನು ನಾನು ಹತ್ತನೆಯ ತರಗತಿಯಲ್ಲಿ ಉಚ್ಚಾರದ ಪಾಠಕ್ಕೆ ಉದಾಹರಣೆಯಾಗಿ ಬಳಸಿದ್ದುಂಟು.

ಸುದ್ದಿ ಹರಡಿತು. ಸೋಮನಾಥಪುರದ ಕಡೆಯ ಶಾಲೆಗಳವರೂ ಹೇಳಿಕಳುಹಿಸತೊಡಗಿದರು. ಆಗಸ್ಟಿನಲ್ಲಿ ಮೂರು ದಿನ, ಜನವರಿಯಲ್ಲಿ ಮೂರು ದಿನ ರಾಚಮ್ಮ ಹಗ್ಗದ ಸುರುಳಿಯನ್ನು ಹೆಗಲಿಗೆ ಹಾಕಿಕೊಂಡು ಬಸ್ಸು ಹತ್ತುವರು. ಕಂಡಕ್ಟರ್ ಮಹದೇವಯ್ಯ ಪ್ರತಿ ಸಲವೂ ಕೇಳುವನು:

"ಏನ್ ರಾಚಕ್ಕ, ಯಾರ್ನ ಕಟ್ಟಾಕಕ್ಕೆ ಓಗ್ತಿದ್ದೀಯೆ?"

"ನಿನ್ ಡ್ರೈವರ್ನೆ ಕಣಪ್ಪ. ಕೈ ಒಡ್ಡುದ್ರೂ ನಿಲ್ಸದೆ ಓಯ್ತನಲ್ಲ."

ಒಂದು ಮಾತನ್ನು ಇಲ್ಲಿ ಹೇಳಬೇಕು. ಆ ಮೊದಲು ಅವರು ಹಾಜರಿ ಪುಸ್ತಕದಲ್ಲಿ ಹೆಬ್ಬೆಟ್ಟು ಒತ್ತುತ್ತಿದ್ದರು. ಬೇರೆ ಶಾಲೆಗಳಿಗೆ ಹೋಗತೊಡಗಿದ ಮೇಲೆ, "ಅಲ್ಲೆಲ್ಲ ಎಬ್ಬೆಟ್ಟು ಒತ್ತಕ್ಕೆ ನಾಚ್ಕೆ ಆಯ್ತದೆ, ಇಸ್ಕೂಲ್ನೋಳು ಅಂತೀನಲ್ಲ" ಎಂದು ಸಹಿ ಕಲಿತರು. ಚಕಾರದ ಅಡಿಯಲ್ಲಿ ಮಕಾರದ ಒತ್ತು ಬರೆದುಬಿಡುತ್ತಿದ್ದರು; ಅದನ್ನು ತಿದ್ದುವುದಕ್ಕೆ ಎರಡು ತಿಂಗಳು ಬೇಕಾಯಿತು. ಆಮೇಲೆ ಅವರ 'ರಾಚಮ್ಮ' ಪುಸ್ತಕದಲ್ಲಿ ನಮ್ಮೆಲ್ಲರ ಸಹಿಗಿಂತ ದೊಡ್ಡದಾಗಿಯೂ ಸ್ಪಷ್ಟವಾಗಿಯೂ ಇರುತ್ತಿತ್ತು.

ಹಾಜರಿ ಪುಸ್ತಕದ ಆ ಕೊನೆಯ ಸಾಲಿಗೇ ಕುತ್ತು ಬಂದದ್ದು ೧೯೯೭ರಲ್ಲಿ. ಅದಕ್ಕೂ ಹಿಂದಿನ ಬೇಸಿಗೆಯಲ್ಲಿ ಊರಿಗೆ ನೀರಿನ ಟ್ಯಾಂಕು ಬಂದು, ಶಾಲೆಗೆ ನಲ್ಲಿ ಹಾಕಿದ್ದರು. ಬಾವಿಯ ಮೇಲೆ ಚಪ್ಪಡಿ ಎಳೆದರು. ನಲ್ಲಿ ಬಂದ ಶಾಲೆಗಳಲ್ಲಿ ನೀರು ಸೇದುವವರನ್ನು ಮುಂದುವರಿಸಬೇಕಾಗಿಲ್ಲವೆಂದು ಮೇಲಿನಿಂದ ಕಾಗದ ಬಂತು. ಗಂಗಾಧರಸ್ವಾಮಿಗಳು ಒಂದು ವರ್ಷ ಹೇಗೋ ತಳ್ಳಿದರು. ಕೊನೆಗೆ ಆಗಸ್ಟ್ ತಿಂಗಳ ಕಡೆಯ ದಿನ ಗಡುವಾಯಿತು. ಆ ದಿನದೊಳಗೆ ತಾಲ್ಲೂಕಿನ ಶಿಕ್ಷಣಾಧಿಕಾರಿಗಳು ಬೇರೆ ಏನಾದರೂ ಹೆಸರಿನಲ್ಲಿ ಕೆಲಸವನ್ನು ಒಪ್ಪಿದರೆ ಉಂಟು. ಇಲ್ಲದಿದ್ದರೆ ರಾಚಮ್ಮ ಮನೆಗೆ ಹೋಗಬೇಕು.

"ಎಸ್ರ ಮೇಲೆ ಗೀಟು ಒಡೀತಾರಂತಲ್ಲ ಸಾ" ಎಂದು ಅವರು ನನ್ನನ್ನು ಕೇಳಿದರು. ಗದ್ದೆ ಕೆಲಸಕ್ಕೆ ಹೋದರೆ ಇದಕ್ಕಿಂತ ಹೆಚ್ಚೇ ಸಿಕ್ಕುತ್ತಿತ್ತು ಅವರಿಗೆ. ಅವರ ಸಂಕಟ ಅದಲ್ಲ. ಶಾಲೆಯವರೆನಿಸಿಕೊಂಡು ಹದಿನೇಳು ವರ್ಷ ಬಾಳಿದ ಮೇಲೆ, ಆ ಪುಸ್ತಕದಿಂದ ಹೆಸರು ಹೋಗುವುದು.

ಅದು ಸ್ವಾತಂತ್ರ್ಯದ ಸುವರ್ಣ ವರ್ಷ. ನರಸೀಪುರದ ಮೈದಾನದಲ್ಲಿ ದೊಡ್ಡ ಸಮಾರಂಭ ಏರ್ಪಾಡಾಗಿತ್ತು. ಹೊರಗಿನ ಗುತ್ತಿಗೆದಾರರೊಬ್ಬರು ನಲವತ್ತು ಅಡಿಯ ಹೊಸ ಕಂಬ ನಿಲ್ಲಿಸಿದ್ದರು. ಗಂಗಾಧರಸ್ವಾಮಿಗಳು ಶಿಕ್ಷಣಾಧಿಕಾರಿಗಳ ಬಳಿ ಹೋಗಿ, "ಧ್ವಜ ಕಟ್ಟುವುದಕ್ಕೆ ನಮ್ಮ ರಾಚಮ್ಮನನ್ನು ಕರೆಸಿ. ಅವರ ಕೆಲಸವನ್ನು ಕಣ್ಣಾರೆ ನೋಡಿ. ಆಮೇಲೆ ನನ್ನ ಅರ್ಜಿಗೆ ಉತ್ತರ ಬರೆಯಿರಿ" ಎಂದು ಕೇಳಿಕೊಂಡರು. ಅಧಿಕಾರಿಗಳು ಒಪ್ಪಿದರು.

ಹದಿನೈದರ ಬೆಳಿಗ್ಗೆ ಏಳು ಗಂಟೆಗೆ ನಾವು ನಾಲ್ವರು ಮೈದಾನದಲ್ಲಿದ್ದೆವು. ಕಂಬದ ಉಸ್ತುವಾರಿ ರುದ್ರೇಶ್ ಎಂಬ ಮೇಸ್ತ್ರಿಯದು. ರಾಚಮ್ಮನವರನ್ನು ಕಂಡು ಆತ, "ಇಷ್ಟು ದೊಡ್ಡ ಫಂಕ್ಷನ್ನು, ಹೆಂಗಸ್ರ ಕೈಲಿ ಕಟ್ಟಿಸ್ತಾರಾ?" ಎಂದು ಗೊಣಗಿದ. ಆಮೇಲೆ ಹೊಸ ಹಗ್ಗ ಕೊಟ್ಟ. ಬೆಳ್ಳಗೆ ಹೊಳೆಯುವ ನೈಲಾನು. ರಾಚಮ್ಮ ಅದನ್ನು ಬೆರಳುಗಳ ನಡುವೆ ಉದ್ದಕ್ಕೂ ಎಳೆದು ನೋಡಿದರು. ಏನೋ ಹೇಳುವವರಂತೆ ತಲೆಯೆತ್ತಿದರು. ಆದರೆ ಹೇಳಲಿಲ್ಲ. ಎಸಳು ಇಟ್ಟು, ಮಡಿಸಿ, ಗಂಟು ಹಾಕಿ, ಮೇಲೇರಿಸಿದರು.

ಎಂಟೂವರೆಯ ಹೊತ್ತಿಗೆ ಮೈದಾನ ತುಂಬಿತು. ಶ್ರಾವಣದ ಗಾಳಿ ಸಂಗಮದ ಕಡೆಯಿಂದ ಬೀಸತೊಡಗಿತು. ಬ್ಯಾಂಡಿನವರು ವಾದ್ಯ ಸರಿಪಡಿಸಿಕೊಳ್ಳುತ್ತಿದ್ದರು. ಅತಿಥಿಗಳು ಒಂಬತ್ತಕ್ಕೆ ಬರುವವರು. ಎಂಟು ಮೂವತ್ತೈದಕ್ಕೆ, ಯಾರೂ ಹಗ್ಗ ಮುಟ್ಟದೆಯೇ, ಗಂಟು ತಾನಾಗಿ ಸಡಿಲಿ ಜಾರಿತು. ಧ್ವಜ ಬಿಚ್ಚಿಕೊಂಡು ಪಟಪಟನೆ ಹಾರಾಡತೊಡಗಿತು. ಎಸಳೆಲ್ಲ ಗಾಳಿಗೆ ಹೋಗಿ ಬ್ಯಾಂಡಿನವರ ಮೇಲೆ ಬಿದ್ದವು. ಡೊಳ್ಳು ಹೊತ್ತವನೊಬ್ಬ ಸೀನಿದ. ಜನ ಗೊಳ್ಳೆಂದು ನಕ್ಕರು. ಯಾರೋ ಚಪ್ಪಾಳೆಯನ್ನೂ ತಟ್ಟಿದರು.

ರುದ್ರೇಶ್ ಓಡಿಬಂದ. "ನಾನು ಹೇಳ್ಲಿಲ್ವಾ ಸಾರ್? ಬಾವಿ ಕೊಡ ಕಟ್ಟೋರ್ನ ಕರ್ಕೊಂಡ್ಬಂದ್ರೆ ಇನ್ನೇನಾಗುತ್ತೆ?"

ಶಿಕ್ಷಣಾಧಿಕಾರಿಗಳು ಹತ್ತಿರ ಬಂದು ರಾಚಮ್ಮನವರನ್ನು ನೋಡಿದರು. "ಏನಾಯಿತು ಇದು?"

ಶಿವಸ್ವಾಮಿಗಳು ಮುಂದೆ ನುಗ್ಗಿದರು. "ಸಾರ್, ಅವರದೇನೂ ತಪ್ಪಿಲ್ಲ. ಹಗ್ಗ ನೈಲಾನು. ಜಾರುತ್ತೆ. ನೂಲಿನ ಹಗ್ಗ ಕೊಡಬೇಕಾಗಿತ್ತು. ತಪ್ಪು ಹಗ್ಗದ್ದು."

ಪಾರಾಗುವ ದಾರಿ ಅಲ್ಲಿತ್ತು. ಹೌದೆಂದರೆ ಸಾಕಾಗಿತ್ತು. ಗಂಗಾಧರಸ್ವಾಮಿಗಳು ರಾಚಮ್ಮನವರ ಮುಖವನ್ನೇ ನೋಡುತ್ತಿದ್ದರು. ರಾಚಮ್ಮ ಸೆರಗಿನಿಂದ ಹಣೆ ಒರೆಸಿಕೊಂಡರು.

"ಅಗ್ಗ ಅವರ್ದು ಸಾ, ಗಂಟು ನಂದು" ಎಂದರು. "ಜಾರೋ ಅಗ್ಗ ಅಂತ ಬೆಳಿಗ್ಗೇನೇ ಬೆರಳಿಗೆ ತಿಳೀತು. ಏಳುದ್ರೆ ಎಲ್ಲಿ ಈ ಕೆಲ್ಸ ಕಿತ್ಕತಾರೋ ಅಂತ ಬಾಯಿ ಮುಚ್ಕಂಡೆ. ತಪ್ಪು ನಂದೇಯ."

ರುದ್ರೇಶ್ ಅಧಿಕಾರಿಗಳ ಕಡೆ ತಿರುಗಿದ.

"ಅತ್ ನಿಮ್ಸ ಕೊಡಿ" ಎಂದು ಅವರೇ ಮತ್ತೆ ಹೇಳಿದರು.

ಅಧಿಕಾರಿಗಳು ಗಡಿಯಾರ ನೋಡಿದರು. "ಇಪ್ಪತ್ತು ಇದೆಯಮ್ಮ" ಎಂದರು.

ಮೈದಾನದ ಬಾಗಿಲಲ್ಲಿ ಮಹದೇವಮ್ಮ ಎಂಬುವಳು ಅತಿಥಿಗಳಿಗಾಗಿ ಹಾರ ಕಟ್ಟುತ್ತ ಕುಳಿತಿದ್ದಳು. ರಾಚಮ್ಮ ನೇರವಾಗಿ ಅವಳಲ್ಲಿಗೆ ಹೋದರು. "ಒಂದಿಡಿ ಬಾಳೆನಾರು ಕೊಡವ್ವ. ನೆಂದಿರೋದು ಕೊಡು. ಅಂಗೇ ಎಲ್ಡಿಡಿ ಕನಕಾಂಬ್ರ."

"ಹಾರಕ್ಕೆ ಸಾಲಾಕಿಲ್ಲ ಕಣಕ್ಕ."

"ಒಂದು ಆರ ಗಿಡ್ಡ ಮಾಡು. ಗಿಡ್ಡ ಆಯ್ತು ಅಂತ ಯಾರೂ ತಿರುಗೋಗಾಕಿಲ್ಲ."

ಧ್ವಜವನ್ನು ಇಳಿಸಿದರು. ಶಿವಸ್ವಾಮಿಗಳು ಎರಡೂ ತೋಳು ಚಾಚಿ ಅದನ್ನು ನೆಲಕ್ಕೆ ಮುಟ್ಟದಂತೆ ಹಿಡಿದರು. ಗಂಟು ಕೂರುವ ಜಾಗದಲ್ಲಿ ರಾಚಮ್ಮ ನೈಲಾನಿನ ಸುತ್ತ ಬಾಳೆನಾರನ್ನು ಬಿಗಿಯಾಗಿ, ಬಳೆಯ ಪಕ್ಕ ಬಳೆಯಿಟ್ಟಂತೆ, ಒಂದು ಗೇಣು ಉದ್ದಕ್ಕೆ ಸುತ್ತಿದರು. ಜಾರುವ ಹಗ್ಗಕ್ಕೆ ಒರಟು ಮೈ ಬಂತು. ಅದರ ಮೇಲೆ ಹಿಂದಿನ ಗಂಟನ್ನೇ ಹಾಕಿದರು. ಮೇಲೇರಿಸುವ ಮೊದಲು ಶಿವಸ್ವಾಮಿಗಳಿಗೆ, "ಕ್ವಾಪ ಬಂದೋರಂಗೆ ಅಲ್ಲಾಡ್ಸಿ ಸಾ" ಎಂದರು. ಶಿವಸ್ವಾಮಿಗಳು ಕಬಡ್ಡಿ ಆಡಿದ ಆಳು. ಅಲ್ಲಾಡಿಸಿದರು. ಗಂಟು ನಿಂತಿತು.

ಒಂಬತ್ತು ಗಂಟೆ ಐದು ನಿಮಿಷಕ್ಕೆ ಅತಿಥಿಗಳು ಬಂದು ಹಗ್ಗ ಎಳೆದರು. ಧ್ವಜ ಒಂದೇ ಎಳೆತಕ್ಕೆ ಅರಳಿ, ಕನಕಾಂಬರ ಗಾಳಿಯಲ್ಲಿ ತೇಲಿತು. ಅತಿಥಿಗಳಿಗೆ ಇದಾವುದೂ ತಿಳಿಯದು. ಕೊರಳಿನ ಹಾರ ಮಾತ್ರ ಎದೆಯವರೆಗೂ ಬಂದಿರಲಿಲ್ಲ. ರುದ್ರೇಶ್ ಆಮೇಲೆ ರಾಚಮ್ಮನವರಿಗೆ ಒಂದು ಲೋಟ ಕಾಫಿ ತಂದುಕೊಟ್ಟು, ಆ ನಾರು ಸುತ್ತುವ ಬಗೆಯನ್ನು ಇನ್ನೊಮ್ಮೆ ತೋರಿಸೆಂದು ಕೇಳಿದ. ಅವರು ತೋರಿಸಿದರು.

ಆದರೆ ಬಸ್ಸಿನಲ್ಲಿ ಹಿಂದಿರುಗುವಾಗ ನಮ್ಮಲ್ಲಿ ಯಾರಿಗೂ ಸಂತೋಷವಿರಲಿಲ್ಲ. ಕಣ್ಣಾರೆ ನೋಡಿ ಎಂದು ಕರೆದು, ತಪ್ಪನ್ನೇ ಕಣ್ಣಾರೆ ತೋರಿಸಿದಂತಾಗಿತ್ತು. "ತಪ್ಪನ್ನು ನೈಲಾನಿನ ಮೇಲೆ ಹಾಕಬಹುದಾಗಿತ್ತಲ್ಲಮ್ಮ" ಎಂದು ಗಂಗಾಧರಸ್ವಾಮಿಗಳು ಮೆಲ್ಲಗೆ ಹೇಳಿದರು. "ಅಗ್ಗಕ್ಕೆ ಬಾಯಿಲ್ಲ ಸಾ" ಎಂದು ರಾಚಮ್ಮ ಕಿಟಕಿಯ ಕಡೆ ತಿರುಗಿ ಕುಳಿತರು.

ಗಡುವಿಗೆ ಮೂರು ದಿನ ಉಳಿದಿರುವಾಗ ಅಧಿಕಾರಿಗಳು ಶಾಲೆಗೆ ಬಂದರು. ಹಾಜರಿ ಪುಸ್ತಕ ತರಿಸಿದರು. ಕೊನೆಯ ಸಾಲಿನ ಮೇಲೆ ಬೆರಳಿಟ್ಟರು. ರಾಚಮ್ಮ ಬಾಗಿಲ ಹೊರಗೆ ನಿಂತಿದ್ದರು. ಅವರ ಸೆರಗಿನ ಅಂಚು ನಮಗೆ ಕಾಣುತ್ತಿತ್ತು.

"ನೀವು ಕನ್ನಡದವರಲ್ಲವೇ? ಸೇದುವುದು ಎಂದರೆ ನೀರನ್ನು ಮಾತ್ರವೇ?" ಎಂದು ಅಧಿಕಾರಿಗಳು ನನ್ನನ್ನು ಕೇಳಿದರು.

"ಇಲ್ಲ ಸ್ವಾಮಿ. ಸೇದು ಎಂದರೆ ಎಳೆ ಎಂದರ್ಥ. ಕರ್ಮಪದ ಯಾವುದೂ ಆಗಬಹುದು."

"ಬರೀ 'ಸೇದುವವರು' ಅಂತ ಮಾತ್ರ ಬರೀಬೇಡಿ ಸಾರ್, ಬೀಡಿ ಸೇದೋರು ಅಂದ್ಕೊಂಡಾರು" ಎಂದರು ಶಿವಸ್ವಾಮಿಗಳು.

ಅಧಿಕಾರಿಗಳು ನಗಲಿಲ್ಲ. ಲೇಖನಿ ತೆಗೆದು 'ನೀರು' ಎಂಬ ಪದದ ಮೇಲೆ ಮಾತ್ರ ಗೀಟು ಎಳೆದು, ಅದರ ಮೇಲುಗಡೆ 'ಧ್ವಜದ ಹಗ್ಗ' ಎಂದು ಬರೆದರು. ಪಕ್ಕದಲ್ಲಿ 'ಮತ್ತು ಶಾಲೆಯು ವಹಿಸುವ ಇತರ ಕೆಲಸ' ಎಂದು ಸೇರಿಸಿ ಸಹಿ ಹಾಕಿದರು. ಏಳುವಾಗ ಗಂಗಾಧರಸ್ವಾಮಿಗಳಿಗೆ ಹೇಳಿದರು: "ನಾನು ಇಪ್ಪತ್ತೆರಡು ವರ್ಷ ವಿಚಾರಣೆ ಮಾಡಿದ್ದೇನೆ ಸ್ವಾಮಿ. ತಪ್ಪು ನನ್ನದು ಎಂದವರನ್ನು ಕಂಡದ್ದು ಇದೇ ಮೊದಲು. ಅಂಥವರನ್ನು ಶಾಲೆಯಿಂದ ಕಳುಹಿಸಿದರೆ ಮಕ್ಕಳಿಗೆ ಏನು ಕಲಿಸುತ್ತೀರಿ?"

ಹೊರಗೆ ಸೆರಗಿನ ಅಂಚು ಕಾಣಿಸಲಿಲ್ಲ. ಶಿವಸ್ವಾಮಿಗಳು ಹುಡುಕಿಕೊಂಡು ಹೋದರು. ರಾಚಮ್ಮ ಗಿಡಗಳ ಮಧ್ಯೆ ಕುಕ್ಕರುಗಾಲಿನಲ್ಲಿ ಕುಳಿತು ನಲ್ಲಿಯ ಕೊಳವೆಯನ್ನು ಒಂದು ದಾಸವಾಳದ ಬುಡಕ್ಕೆ ಹಿಡಿದಿದ್ದರಂತೆ. ಆ ಗಿಡಕ್ಕೆ ಅಂದು ವಾರಕ್ಕಾಗುವಷ್ಟು ನೀರು ಹೋಯಿತು.

ಆಮೇಲಿನ ವರ್ಷಗಳಲ್ಲಿ ಅವರ ಕೆಲಸ ಬೆಳೆಯಿತು. ೨೦೦೨ರಿಂದ ಯಾರು ಬೇಕಾದರೂ ಯಾವ ದಿನ ಬೇಕಾದರೂ ಧ್ವಜ ಹಾರಿಸಬಹುದೆಂದಾದ ಮೇಲೆ ಗಿರಣಿಯವರು, ಅಂಗಡಿಯವರು ಎಲ್ಲರೂ ಕಂಬ ಕೇಳಿಕೊಂಡು ಬಂದರು. ರಾಚಮ್ಮ ಎಲ್ಲರಿಗೂ ಒಂದೇ ಪ್ರಶ್ನೆ ಕೇಳುತ್ತಿದ್ದರು: "ಏರ್ಸೋರು ಯಾರು ಅಂತ ನಂಗೆ ಬ್ಯಾಡ. ಸಾಯಂಕಾಲ ಇಳ್ಸೋರು ಯಾರು ಏಳಿ." ಹೆಸರು ಹೇಳದವರಿಗೆ ಅವರು ಕಂಬ ನಿಲ್ಲಿಸಿಕೊಡಲಿಲ್ಲ. ಗಂಡ ಗಿರಣಿಯಲ್ಲಿ ಮೂಟೆ ಹೊತ್ತು ಸೊಂಟ ಬಿದ್ದು ಮನೆಯಲ್ಲಿದ್ದಾಗಲೂ, ಆ ಗಿರಣಿಯವರಿಗೇ 'ಇಲ್ಲ' ಎಂದು ಹೇಳಿಕಳುಹಿಸಿದರು. ಗಂಗಾಧರಸ್ವಾಮಿಗಳು ನಿವೃತ್ತರಾದರು. ಶಿವಸ್ವಾಮಿಗಳು ವರ್ಗವಾಗಿ ಹೋದರು. ನಾನು ೨೦೦೪ರಲ್ಲಿ ನಿವೃತ್ತನಾಗಿ ನಂಜನಗೂಡಿನಲ್ಲಿ ನೆಲೆಸಿದೆ. ಅಂದು ಬೀಳ್ಕೊಡುಗೆಯ ದಿನ ನನ್ನ ಸಹಿಯ ಕೆಳಗೆ ಎಂದಿನಂತೆ ಅವರ ಸಹಿ ಇತ್ತು.

ಹೋದ ತಿಂಗಳು, ಅಂದರೆ ೨೦೦೯ರ ಜನವರಿಯಲ್ಲಿ, ಅವರನ್ನು ನಮ್ಮೂರ ಬಸ್ ನಿಲ್ದಾಣದ ಎದುರಿಗಿರುವ ನಂಜೇಶನ ಫ್ಲೆಕ್ಸ್ ಅಂಗಡಿಯಲ್ಲಿ ಕಂಡೆ. ಐವತ್ತು ದಾಟಿದೆ, ಕಿವಿಯ ಪಕ್ಕ ನರೆತಿದೆ. ಶಾಲೆಯ ವಾರ್ಷಿಕೋತ್ಸವಕ್ಕೆ ಬ್ಯಾನರು ತರುವುದಕ್ಕಾಗಿ ಈಗಿನ ಮುಖ್ಯೋಪಾಧ್ಯಾಯಿನಿ ಹೇಮಲತಾ ರಾಚಮ್ಮನವರನ್ನು ಕಳುಹಿಸಿದ್ದರು. ಹೋದ ವರ್ಷದ ಬ್ಯಾನರು ಗಾಳಿಗೆ ಹಾಯಿಯಂತೆ ಉಬ್ಬಿ, ಎರಡು ಗಳುಗಳನ್ನೂ ಕಿತ್ತುಕೊಂಡು ಹೋಗಿ ಪಕ್ಕದ ಭತ್ತದ ಗದ್ದೆಯಲ್ಲಿ ಮಲಗಿತ್ತಂತೆ. ಈ ಸಲ ರಾಚಮ್ಮ ಬ್ಯಾನರಿನಲ್ಲಿ ಅರ್ಧಚಂದ್ರಾಕಾರದ ಸೀಳುಗಳನ್ನು ಕೊಯ್ಯಿಸಲು ಬಂದಿದ್ದರು.

"ಗಾಳಿಗೆ ಒಂದು ಬಾಗ್ಲು ಬುಡ್ಬೇಕು ಕಣ್ಲಾ. ಬಾಗ್ಲು ಕೊಟ್ರೆ ಅದು ಓಯ್ತದೆ, ಕೊಡದಿದ್ರೆ ಗೋಡೆ ಬೀಳಿಸ್ತದೆ" ಎಂದು ಅವರು ನಂಜೇಶನಿಗೆ ಹೇಳುತ್ತಿದ್ದರು.

"ಅಲ್ಲ ಕಣಕ್ಕೋ, ಹಿಂಗ್ ಕುಯ್ದ್ರೆ ಅಧ್ಯಕ್ಷರ ಮೂಗು ಹೋಯ್ತದೆ. ಆಮೇಲೆ ನನ್ ಮೂಗು ಕುಯ್ತಾರೆ."

"ಮೂಗು ಬ್ಯಾಡ, ಸ್ಯಾಲಿನ ಮೇಲೆ ಕುಯ್ಯಿ. ಎಷ್ಟು ದೊಡ್ಡ ಸ್ಯಾಲು ಒದ್ಕಂಡವ್ರೆ ನೋಡು, ಆರು ಬಾಗ್ಲು ಇಡಿಸ್ತದೆ."

ನನ್ನನ್ನು ಕಂಡು ಎದ್ದು ನಿಂತರು. ರಂಗನಾಯಕ ಹೇಗಿದ್ದಾನೆಂದು ಕೇಳಿದೆ. ಹುಣಸೆಮರದ ಕೆಳಗೆ ಕುಳಿತು ಹಗ್ಗ ಹೊಸೆಯುತ್ತಾನಂತೆ. "ಅಗ್ಗ ಸಡ್ಲ, ಬಾಯಿ ಬಿಗಿ" ಎಂದರು. ಮುಂದಿನ ಮಾರ್ಚಿನವರೆಗೆ ಮಾತ್ರ ಶಾಲೆಯಲ್ಲಿರುತ್ತಾರೆ, ಆಮೇಲೆ ತಾವಾಗಿಯೇ ಕೆಲಸ ಬಿಡುತ್ತಾರಂತೆ. ಅಷ್ಟರೊಳಗೆ ಹೇಮಲತಾ ಅವರಿಗೂ ಇನ್ನಿಬ್ಬರು ಮೇಡಂಗಳಿಗೂ ಕಂಬ ಮಲಗಿಸಿ ಎತ್ತುವುದನ್ನು ಕಲಿಸುವುದೆಂದು ಗೊತ್ತುಮಾಡಿಕೊಂಡಿದ್ದಾರೆ. ಪ್ರತಿ ಶನಿವಾರ ಶಾಲೆ ಬಿಟ್ಟ ಮೇಲೆ ಪಾಠ. ಹೇಮಲತಾ ಬೇಗ ಕಲಿತರಂತೆ; ಉಳಿದಿಬ್ಬರು ಬೋಲ್ಟು ತೆಗೆಯುವಾಗ ಕಣ್ಣು ಮುಚ್ಚುತ್ತಾರಂತೆ.

ಬಸ್ಸಿಗೆ ಹೊತ್ತಾಗುತ್ತಿತ್ತು. ನಂಜೇಶ ಕತ್ತರಿ ಹುಡುಕುತ್ತಿದ್ದ. ರಾಚಮ್ಮ ಕಾಯಲಿಲ್ಲ. ಬ್ಯಾನರನ್ನು ಅಂಗಡಿಯ ಮೆಟ್ಟಿಲ ಮೇಲೆ ಹರಡಿ, ಒಂದು ಬಳೆಯನ್ನು ಕಳಚಿ ಅಧ್ಯಕ್ಷರ ಶಾಲಿನ ಮೇಲಿಟ್ಟು, ಅದರ ಅರ್ಧ ಸುತ್ತಿಗೆ ಸೀಮೆಸುಣ್ಣದಿಂದ ಗುರುತು ಎಳೆಯತೊಡಗಿದರು.